ಅಳಿವೆಯ ಕೆಂಪು ನೀರು ವಿಷವೇ? ತಿಳಿನೀರೆಲ್ಲ ಶುದ್ಧವೇ?

ಮಳೆಗಾಲ ಹಿಡಿದು ಎರಡು ವಾರ ಆಗುವಷ್ಟರಲ್ಲಿ ನಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ವಿಡಿಯೊ ಬಂದೇ ಬರುತ್ತದೆ. ನದಿ ಸಮುದ್ರ ಸೇರುವ ಜಾಗ. ಒಂದು ಕಡೆ ಕೆಂಪು ಕೆಂಪು ನೀರು, ಇನ್ನೊಂದು ಕಡೆ ಹಸಿರು ಸಮುದ್ರ, ನಡುವೆ ಗೆರೆ ಎಳೆದಂತೆ ನೊರೆಯ ಪಟ್ಟಿ. ದೃಶ್ಯ ಹೆಚ್ಚುಕಡಿಮೆ ಅದೇ, ಜೊತೆಗಿನ ಬರಹ ಮಾತ್ರ ಬದಲಾಗುತ್ತದೆ. ಒಮ್ಮೆ "ಕಾರ್ಖಾನೆಯ ವಿಷ ಹೊಳೆಗೆ ಬಿಟ್ಟಿದ್ದಾರೆ, ಮೀನು ತಿನ್ನಬೇಡಿ, ಎಲ್ಲರಿಗೂ ತಿಳಿಸಿ". ಇನ್ನೊಮ್ಮೆ "ಎರಡು ನೀರು ಎಂದಿಗೂ ಬೆರೆಯುವುದಿಲ್ಲ, ವಿಜ್ಞಾನಿಗಳಿಗೂ ಬಿಡಿಸಲಾಗದ ರಹಸ್ಯ". ಬೇಸಿಗೆ ಬಂದಾಗ ತಳ ಕಾಣುವಷ್ಟು ತಿಳಿಯಾದ ನೀರಿನ ಫೋಟೊ: "ನಮ್ಮ ಹೊಳೆ ಎಷ್ಟು ಶುದ್ಧ ನೋಡಿ".

ಇದನ್ನು ನಕ್ಕು ಬಿಟ್ಟುಬಿಡಬಹುದಿತ್ತು. ಆದರೆ ಕಳೆದ ಮಳೆಗಾಲದಲ್ಲಿ ಮೊದಲ ಫಾರ್ವರ್ಡ್ ನಂಬಿ ನನ್ನ ದೊಡ್ಡಮ್ಮ ಎರಡು ವಾರ ಮನೆ ಬಾಗಿಲಿಗೆ ಬರುವ ಮೀನಿನ ಅಕ್ಕನನ್ನು ಹಾಗೇ ವಾಪಸು ಕಳಿಸಿದರು. ಅದೇ ದೊಡ್ಡಮ್ಮ ಏಪ್ರಿಲ್‌ನಲ್ಲಿ ಮೊಮ್ಮಗನನ್ನು ಅಳಿವೆಯ "ಕನ್ನಡಿಯಂಥ" ನೀರಿಗೆ ಆಟಕ್ಕೆ ಇಳಿಸಿದ್ದರು. ಐವತ್ತು ಹೆಜ್ಜೆ ಆಚೆ ಊರಿನ ಚರಂಡಿ ಬಂದು ಸೇರುತ್ತಿತ್ತು. ಕೆಂಪು ಕಂಡಾಗ ಹೆದರಿದರು, ತಿಳಿ ಕಂಡಾಗ ನಂಬಿದರು. ಎರಡೂ ಕಡೆ ಕಣ್ಣು ದಾರಿ ತಪ್ಪಿಸಿತ್ತು.

ಹಾಗಾದರೆ ಅಳಿವೆಯ ನೀರು ಕೆಲವೊಮ್ಮೆ ರಾಡಿ, ಕೆಲವೊಮ್ಮೆ ಚಹಾ ಬಣ್ಣ, ಕೆಲವೊಮ್ಮೆ ತಿಳಿ ಆಗುವುದು ಯಾಕೆ? ಅದರಿಂದ ನಾವು ಏನನ್ನು ಊಹಿಸಬಹುದು, ಏನನ್ನು ಊಹಿಸಬಾರದು?

ಎರಡು ಲೋಟದ ಪ್ರಯೋಗ

ಅಡುಗೆಮನೆಯಿಂದ ಶುರು ಮಾಡೋಣ. ಎರಡು ಗಾಜಿನ ಲೋಟ ತಗೊಳ್ಳಿ. ಒಂದರಲ್ಲಿ ಚೆನ್ನಾಗಿ ಸೋಸಿದ, ಹಾಲು ಹಾಕದ ಬಿಸಿ ಚಹಾ. ಇನ್ನೊಂದರಲ್ಲಿ ನೀರು, ಅದಕ್ಕೆ ಎರಡು ಚಮಚ ಹಾಲು. ಎರಡರ ಹಿಂದೆಯೂ ದಿನಪತ್ರಿಕೆಯ ತುಂಡು ಹಿಡಿದು ಅಕ್ಷರ ಓದಲು ನೋಡಿ. ಚಹಾದ ಮೂಲಕ ಅಕ್ಷರ ಕಂದಾಗಿ, ಮಂಕಾಗಿ ಕಾಣುತ್ತದೆ, ಆದರೆ ಅದರ ಅಂಚು ಸ್ಪಷ್ಟವಾಗಿರುತ್ತದೆ. ಹಾಲಿನ ನೀರಿನಲ್ಲಿ ಬೆಳಕಿಗೆ ಕೊರತೆಯಿಲ್ಲ, ಲೋಟ ಬೆಳ್ಳಗೆ ಹೊಳೆಯುತ್ತಿರುತ್ತದೆ, ಆದರೂ ಅಕ್ಷರ ಕಾಣುವುದಿಲ್ಲ.

ಚಹಾದ ಬಣ್ಣ ನೀರಿನಲ್ಲಿ ಕರಗಿರುವ ವಸ್ತುವಿನದು. ಅದು ಬೆಳಕನ್ನು ನುಂಗುತ್ತದೆ. ಹಾಲಿನ ಕೊಬ್ಬು ಮತ್ತು ಪ್ರೋಟೀನಿನ ಸಣ್ಣ ಸಣ್ಣ ಕಣಗಳು ಕರಗಿಲ್ಲ, ನೀರಿನಲ್ಲಿ ತೇಲಾಡುತ್ತಿವೆ. ಅವು ಬೆಳಕನ್ನು ನಾಲ್ಕೂ ದಿಕ್ಕಿಗೆ ಚದುರಿಸುತ್ತವೆ. ಅಳಿವೆಯ ನೀರಿನಲ್ಲಿ ಈ ಎರಡೂ ಕೆಲಸ ಒಟ್ಟಿಗೆ ನಡೆಯುತ್ತಿರುತ್ತದೆ. ಯಾವುದರ ಕೈ ಯಾವಾಗ ಮೇಲಾಗುತ್ತದೆ ಎನ್ನುವುದರ ಮೇಲೆ ನಮ್ಮ ಕಣ್ಣಿಗೆ ಕಾಣುವ ಬಣ್ಣ ನಿಂತಿದೆ.

ಪ್ರಯೋಗಾಲಯದಲ್ಲಿ ಇವೆರಡನ್ನು ಬೇರೆ ಮಾಡುವ ಸಾಮಾನ್ಯ ವಿಧಾನ ಬಹಳ ಸರಳ: ನೀರನ್ನು ಅತಿ ಸಣ್ಣ ರಂಧ್ರದ ಫಿಲ್ಟರ್‌ನಲ್ಲಿ ಸೋಸುವುದು. ಸಾಮಾನ್ಯವಾಗಿ ರಂಧ್ರದ ಅಳತೆ 0.45 ಮೈಕ್ರೊಮೀಟರ್, ಅಂದರೆ ತಲೆಗೂದಲ ದಪ್ಪದ ಸುಮಾರು ನೂರೈವತ್ತನೇ ಒಂದು ಪಾಲು. ಫಿಲ್ಟರ್ ಮೇಲೆ ಉಳಿದದ್ದು ತೇಲು ಕಣ, ಕೆಳಗೆ ಇಳಿದದ್ದು ಕರಗಿದ ವಸ್ತು. ಪ್ರಕೃತಿಯಲ್ಲಿ ಹೀಗೆ ಕತ್ತರಿಸಿದಂಥ ಗಡಿ ಏನೂ ಇಲ್ಲ, ಅನುಕೂಲಕ್ಕೆ ಹಾಕಿಕೊಂಡ ಗೆರೆ ಅಷ್ಟೆ.

ಕೆಂಪು ಬರುವುದು ಎಲ್ಲಿಂದ?

ಕರಾವಳಿಯವರಿಗೆ ಇದರ ಅರ್ಧ ಉತ್ತರ ಗೊತ್ತೇ ಇದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಘಟ್ಟದಿಂದ ಸಮುದ್ರದವರೆಗಿನ ಇಳಿಜಾರಿನಲ್ಲಿ ಎಲ್ಲೆಲ್ಲೂ ಮುರಕಲ್ಲಿನ ಮಣ್ಣು. ಆ ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡ್‌ನದು, ಸರಳವಾಗಿ ಹೇಳಿದರೆ ತುಕ್ಕಿನ ಬಣ್ಣ. ಮಳೆ ಅದನ್ನು ತೊಳೆದು ತೋಡಿಗೆ, ತೋಡು ಹೊಳೆಗೆ, ಹೊಳೆ ಅಳಿವೆಗೆ ತಂದು ಸುರಿಯುತ್ತದೆ. ನೇತ್ರಾವತಿ ಮತ್ತು ಗುರುಪುರ (ಫಲ್ಗುಣಿ) ನದಿಗಳು ಮಂಗಳೂರಿನಲ್ಲಿ ಒಂದೇ ಅಳಿವೆಯ ಮೂಲಕ ಸಮುದ್ರ ಸೇರುತ್ತವೆ. ಮಳೆಗಾಲದ ಜೋರಿನಲ್ಲಿ ಸಿಹಿನೀರಿನ ಒತ್ತಡ ಎಷ್ಟಿರುತ್ತದೆಂದರೆ ಉಪ್ಪುನೀರು ಅಳಿವೆಯಿಂದ ಹೆಚ್ಚುಕಡಿಮೆ ಹೊರಗೇ ಉಳಿಯುತ್ತದೆ. ಎರಡರ ಮುಖಾಮುಖಿ ಅಳಿವೆ ಬಾಗಿಲಿನ ಆಚೆ, ಸಮುದ್ರದಲ್ಲೇ ನಡೆಯುತ್ತದೆ. ವಿಡಿಯೊದಲ್ಲಿ ಕಾಣುವ ಗೆರೆ ಅದೇ.

ಬಂದ ಮಣ್ಣೆಲ್ಲ ಒಂದೇ ಥರ ವರ್ತಿಸುವುದಿಲ್ಲ. ಕಣ ಎಷ್ಟು ದೊಡ್ಡದು ಎನ್ನುವುದು ಇಲ್ಲಿ ದೊಡ್ಡ ವಿಷಯ. ನಿಂತ ನೀರಿನಲ್ಲಿ 0.1 ಮಿಲಿಮೀಟರ್‌ನ ಸಣ್ಣ ಮರಳಿನ ಕಣ ಒಂದು ಮೀಟರ್ ಕೆಳಗಿಳಿಯಲು ಸುಮಾರು ಎರಡು ನಿಮಿಷ ಸಾಕು. ಅದೇ 2 ಮೈಕ್ರೊಮೀಟರ್‌ನ ಜೇಡಿಮಣ್ಣಿನ ಕಣಕ್ಕೆ ಸುಮಾರು ಮೂರು ದಿನ ಬೇಕು. ವ್ಯಾಸ ಅರ್ಧವಾದರೆ ಇಳಿಯುವ ವೇಗ ಕಾಲು ಭಾಗಕ್ಕೆ ಬೀಳುತ್ತದೆ, ಅದಕ್ಕೇ ಇಷ್ಟು ಅಂತರ. ಮಳೆ ನಿಂತು ಎರಡು ದಿನವಾದರೂ ಹೊಳೆ ಕೆಂಪಾಗಿಯೇ ಇರುವುದಕ್ಕೆ ಈ ನುಣ್ಣನೆ ಕಣಗಳೇ ಕಾರಣ. ತೂಕದ ಲೆಕ್ಕದಲ್ಲಿ ಸ್ವಲ್ಪವೇ ಇದ್ದರೂ ನೀರನ್ನು ರಾಡಿ ಮಾಡುವುದರಲ್ಲಿ ಮರಳಿಗಿಂತ ಇವುಗಳದ್ದೇ ಮೇಲುಗೈ. ಒಂದು ಉಂಡೆಯನ್ನು ಪುಡಿ ಮಾಡಿದಷ್ಟೂ ಬೆಳಕು ತಾಗುವ ಮೇಲ್ಮೈ ಹೆಚ್ಚುತ್ತದಲ್ಲ, ಹಾಗೆ.

ಉಪ್ಪು ಬಂದ ಕೂಡಲೇ ಆಟ ಬದಲು

ಅಳಿವೆಯ ನಿಜವಾದ ಸ್ವಾರಸ್ಯ ಇಲ್ಲಿದೆ. ನನಗಂತೂ ಈ ವಿಷಯ ಓದುವಾಗ ಅತಿ ಹೆಚ್ಚು ಖುಷಿ ಕೊಟ್ಟ ಭಾಗ ಇದು.

ಜೇಡಿಮಣ್ಣಿನ ಕಣಗಳ ಮೇಲ್ಮೈಯಲ್ಲಿ ಸಾಮಾನ್ಯವಾಗಿ ಋಣ ವಿದ್ಯುದಂಶ ಇರುತ್ತದೆ. ಸಿಹಿನೀರಿನಲ್ಲಿ ಅವು ಒಂದನ್ನೊಂದು ದೂರ ತಳ್ಳುತ್ತಾ ಬೇರೆ ಬೇರೆಯಾಗಿ ತೇಲುತ್ತವೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇದೆ. ಆ ಉಪ್ಪಿನಲ್ಲಿರುವ ಸೋಡಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂನ ಧನ ಅಯಾನುಗಳು ಕಣಗಳ ಸುತ್ತ ಸೇರಿ ಆ ತಳ್ಳಾಟವನ್ನು ದುರ್ಬಲ ಮಾಡುತ್ತವೆ. ಆಗ ಕಣಗಳು ಡಿಕ್ಕಿ ಹೊಡೆದಾಗ ಅಂಟಿಕೊಂಡು ಗುಂಪಾಗುತ್ತವೆ, ಗುಂಪು ದೊಡ್ಡದಾದಂತೆ ಬೇಗ ತಳ ಸೇರುತ್ತದೆ. ರಾಡಿ ನೀರಿಗೆ ಪಟಿಕ, ಅಂದರೆ ಆಲಂ, ತಿರುಗಿಸಿ ಇಡುತ್ತಿದ್ದರಲ್ಲ ಅಜ್ಜಿಯರು, ಅದಕ್ಕೆ ಹತ್ತಿರದ ಕೆಲಸ ಇದು.

ಮನೆಯಲ್ಲೇ ನೋಡಬಹುದು. ಎರಡು ಲೋಟ ನೀರಿಗೆ ಒಂದೊಂದು ಚಿಟಿಕೆ ನುಣ್ಣನೆ ಜೇಡಿಮಣ್ಣು ಕದಡಿ. ಒಂದಕ್ಕೆ ಮಾತ್ರ ಒಂದು ಟೀ ಚಮಚ ಉಪ್ಪು ಹಾಕಿ ಕಲಕಿ. ರಾತ್ರಿ ಇಟ್ಟು ಬೆಳಿಗ್ಗೆ ನೋಡಿ. ಉಪ್ಪಿನ ಲೋಟ ಬೇಗ ತಿಳಿಯಾಗಿರುತ್ತದೆ. ಮಕ್ಕಳಿದ್ದರೆ ಅವರ ಕೈಯಲ್ಲೇ ಮಾಡಿಸಿ.

ಹಾಗಾದರೆ ಸಮುದ್ರದ ಹತ್ತಿರ ಹೋದಂತೆ ನೀರು ನೇರವಾಗಿ ತಿಳಿಯಾಗುತ್ತಾ ಹೋಗಬೇಕಲ್ಲ? ಇಲ್ಲ. ಉಪ್ಪುನೀರು ಭಾರ, ಅದು ತಳದಲ್ಲಿ ಊರ ಕಡೆಗೆ ನುಗ್ಗುತ್ತದೆ. ಸಿಹಿನೀರು ಹಗುರ, ಮೇಲಿಂದ ಸಮುದ್ರದ ಕಡೆಗೆ ಹರಿಯುತ್ತದೆ. ಗುಂಪುಗಟ್ಟಿ ಕೆಳಗಿಳಿದ ಮಣ್ಣನ್ನು ತಳದ ಪ್ರವಾಹ ಮತ್ತೆ ಒಳಗೆ ತರುತ್ತದೆ. ಉಬ್ಬರ ಇಳಿತದ ಸೆಳೆತ ಅದನ್ನು ಮೇಲಕ್ಕೆ ಕದಡುತ್ತದೆ. ಹೀಗೆ ಒಂದೇ ಮಣ್ಣು ಹಿಂದೆ ಮುಂದೆ ಓಡಾಡುತ್ತಾ ಸಿಕ್ಕಿಹಾಕಿಕೊಂಡು, ಬಹಳಷ್ಟು ಅಳಿವೆಗಳ ನಡುವೆ ಎಲ್ಲೋ ಒಂದು ಕಡೆ, ಮೇಲಿನ ನದಿಗಿಂತಲೂ ಕೆಳಗಿನ ಸಮುದ್ರಕ್ಕಿಂತಲೂ ಹೆಚ್ಚು ರಾಡಿಯಾದ ಪಟ್ಟಿ ಹುಟ್ಟುತ್ತದೆ. ಅಲ್ಲಿ ಯಾರೂ ಏನನ್ನೂ ಸುರಿದಿರಬೇಕಾಗಿಲ್ಲ.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಜೋರಾಗಿರುವುದರಿಂದ ಕದಡುವುದೂ ಜಾಸ್ತಿ. ನಮ್ಮ ಕರಾವಳಿಯಲ್ಲಿ ಉಬ್ಬರದ ಎತ್ತರ ಕಡಿಮೆ. ಗುಜರಾತಿನ ಖಂಬಾತ್ ಕೊಲ್ಲಿಯಲ್ಲಿ, ಭಾವನಗರದ ಕಡೆ, ದೊಡ್ಡ ಉಬ್ಬರ ಮತ್ತು ಇಳಿತದ ನಡುವಿನ ವ್ಯತ್ಯಾಸ ಹತ್ತು ಮೀಟರ್ ಆಸುಪಾಸು. ಅಲ್ಲಿ ನೀರು ವರ್ಷವಿಡೀ ಮಣ್ಣಿನ ಬಣ್ಣದಲ್ಲಿರುವುದು ಆಶ್ಚರ್ಯವಲ್ಲ.

"ಬೆರೆಯದ ನೀರು" ಬೆರೆಯುತ್ತದೆ

ಎರಡು ಬಣ್ಣದ ನೀರಿನ ವಿಡಿಯೊಗಳಲ್ಲಿ ಎರಡು ಬಹಳ ಓಡಾಡುತ್ತವೆ. ಒಂದು ಅಲಾಸ್ಕಾ ಕೊಲ್ಲಿಯದ್ದು. ಅದು "ಎರಡು ಮಹಾಸಾಗರಗಳು ಸೇರುವ ಜಾಗ" ಅಲ್ಲ. ಹಿಮನದಿಗಳು ಬಂಡೆಯನ್ನು ಅರೆದು ಮಾಡಿದ ನುಣ್ಣನೆ ಪುಡಿಯನ್ನು ಹೊತ್ತ ನದಿನೀರು ಕಡಲಿನ ನೀರನ್ನು ಸೇರುವ ಜಾಗ. ಇನ್ನೊಂದು ಬ್ರೆಜಿಲ್‌ನ ಮನೌಸ್ ನಗರದ ಬಳಿಯದ್ದು. ಅದು ಸಮುದ್ರವೂ ಅಲ್ಲ, ಅಳಿವೆಯೂ ಅಲ್ಲ, ಎರಡು ನದಿಗಳ ಸಂಗಮ. ಆದರೆ ಚಹಾ ಲೋಟ, ಹಾಲು ಲೋಟದ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ರಿಯೊ ನೀಗ್ರೊ ನದಿ ಕಾಡಿನ ಎಲೆ ಕೊಳೆತು ಕರಗಿದ ವಸ್ತುವಿನಿಂದ ಕಪ್ಪು ಚಹಾದಂತಿದೆ. ಸೊಲಿಮೊಯಿಸ್ ನದಿ ಆಂಡಿಸ್ ಪರ್ವತದ ಮಣ್ಣಿನಿಂದ ಹಾಲು ಬೆರೆಸಿದ ಚಹಾದಂತಿದೆ. ಎರಡರ ವೇಗ, ತಾಪಮಾನ, ಸಾಂದ್ರತೆ ಬೇರೆ ಬೇರೆ. ಹಾಗಾಗಿ ಸುಮಾರು 6 ಕಿಲೋಮೀಟರ್ ಅಕ್ಕಪಕ್ಕ ಹರಿಯುತ್ತವೆ. ಆಮೇಲೆ ಬೆರೆಯುತ್ತವೆ. ಬೆರೆತ ಮೇಲಿನ ಭಾಗವನ್ನು ಯಾರೂ ವಿಡಿಯೊ ಮಾಡುವುದಿಲ್ಲ, ಅದರಲ್ಲಿ ನೋಡುವುದಕ್ಕೆ ಏನಿದೆ?

ನಮ್ಮ ಅಳಿವೆಯ ಗೆರೆಯೂ ಹಾಗೆಯೇ. ಗಾಳಿ, ಅಲೆ, ಉಬ್ಬರ ಸೇರಿ ಅದನ್ನು ಅಳಿಸುತ್ತಿರುತ್ತವೆ, ಹೊಳೆ ಹೊಸದಾಗಿ ಎಳೆಯುತ್ತಿರುತ್ತದೆ. ಗೆರೆಯ ಉದ್ದಕ್ಕೂ ನೊರೆ, ಕಸ, ಎಲೆ ಸೇರುವುದು ಎರಡು ನೀರು ಅಲ್ಲಿ ಒಂದಕ್ಕೊಂದು ಎದುರಾಗಿ ಒಂದು ಕೆಳಗಿಳಿಯುವುದರಿಂದ. ತೇಲುವ ವಸ್ತು ಮಾತ್ರ ಮೇಲೆಯೇ ಉಳಿಯುತ್ತದೆ.

ಸೋಸಿದರೂ ಹೋಗದ ಬಣ್ಣ

ಕಾಂಡ್ಲಾ ಕಾಡಿನ ನಡುವಿನ ಕಿರುಗಾಲುವೆಗಳಲ್ಲಿ ದೋಣಿಯಲ್ಲಿ ಹೋದವರಿಗೆ ಗೊತ್ತು, ಇಳಿತದ ಹೊತ್ತಿಗೆ ಅಲ್ಲಿನ ನೀರು ಕೆಂಪಲ್ಲ, ಹಳದಿ ಮಿಶ್ರಿತ ಕಂದು. ಬಾಟಲಿಯಲ್ಲಿ ಹಿಡಿದು ವಾರ ಇಟ್ಟರೂ ಕೆಸರು ಕೆಳಗಿಳಿಯುತ್ತದೆ, ಬಣ್ಣ ಇಳಿಯುವುದಿಲ್ಲ. ಕೊಳೆತ ಎಲೆ, ತೊಗಟೆಗಳಿಂದ ಬಂದ ಟ್ಯಾನಿನ್ ಮತ್ತು ಹ್ಯೂಮಿಕ್ ಎನ್ನುವ ಸಾವಯವ ವಸ್ತುಗಳು ಅದರಲ್ಲಿ ಕರಗಿವೆ. ಇವು ನೀಲಿ ಬೆಳಕನ್ನೂ ಅತಿನೇರಳೆ ಕಿರಣವನ್ನೂ ಹೆಚ್ಚು ನುಂಗುತ್ತವೆ. ಉಳಿದ ಬೆಳಕು ಹಳದಿ-ಕಂದಾಗಿ ಕಾಣುತ್ತದೆ. ಸಮುದ್ರದ ನೀರು ಸೇರಿದಂತೆ ಈ ಬಣ್ಣ ತೆಳ್ಳಗಾಗುತ್ತದೆ, ಸ್ವಲ್ಪ ಭಾಗ ಉಪ್ಪಿಗೆ ಗರಣೆಗಟ್ಟುತ್ತದೆ, ಸ್ವಲ್ಪ ಬಿಸಿಲಿಗೆ ಮಾಸುತ್ತದೆ.

ಕರಗಿದ ವಸ್ತು ಅಂದಾಗ ನಾವು ಮರೆಯುವ ಇನ್ನೊಂದು ಗುಂಪಿದೆ: ಬಣ್ಣವೇ ಇಲ್ಲದ್ದು. ಉಪ್ಪು, ನೈಟ್ರೇಟ್, ಫಾಸ್ಫೇಟ್, ಆರ್ಸೆನಿಕ್‌ನಂಥವು ಕರಗಿದರೆ ನೀರು ತಿಳಿಯಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ಅಳಿವೆ ಪಕ್ಕದ ಎಷ್ಟೋ ಬಾವಿಗಳ ನೀರು ನೋಡಲು ಚೆಂದ, ಬಾಯಿಗಿಟ್ಟರೆ ಉಪ್ಪು.

ತಿಳಿನೀರು ಏನನ್ನು ಹೇಳುವುದಿಲ್ಲ

ನನ್ನ ದೊಡ್ಡಮ್ಮನ ಏಪ್ರಿಲ್ ತಿಂಗಳ ನಂಬಿಕೆಗೆ ಬರೋಣ. ಒಂದು ಲೆಕ್ಕ ನೋಡಿ. ಸಮುದ್ರ ತೀರದಲ್ಲಿ ಸ್ನಾನ, ಈಜಿಗೆ ನಮ್ಮ ದೇಶದಲ್ಲಿ ಇಟ್ಟಿರುವ ಮಾನದಂಡದ ಪ್ರಕಾರ ಮಲದಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಲೀಟರ್ ನೀರಿಗೆ 100 ಮೀರಬಾರದು. ಅಂದರೆ ಒಂದು ಮಿಲಿಲೀಟರಿಗೆ ಒಂದು. ಬ್ಯಾಕ್ಟೀರಿಯಾದಿಂದಲೇ ನೀರು ಕಣ್ಣಿಗೆ ಮಸುಕಾಗಿ ಕಾಣಬೇಕಾದರೆ ಒಂದು ಮಿಲಿಲೀಟರಿಗೆ ಕೋಟಿಯ ಆಸುಪಾಸು ಬೇಕು. ಒಂದಕ್ಕೂ ಕೋಟಿಗೂ ನಡುವೆ ಎಷ್ಟೇ ಇದ್ದರೂ ಕಣ್ಣು ಹೇಳುವುದು "ತಿಳಿನೀರು" ಎಂದೇ. ಕಾಲರಾ, ಹೆಪಟೈಟಿಸ್ ಎ ಹರಡುವ ನೀರೂ ಹೊಳೆಯಬಹುದು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ವೇಳೆ ಇಟಲಿಯ ವೆನಿಸ್ ನಗರದ ಕಾಲುವೆಗಳು ತಿಳಿಯಾದ ಫೋಟೊ ನೆನಪಿದೆಯಾ? "ಪ್ರಕೃತಿ ತನ್ನನ್ನು ತಾನೇ ಶುದ್ಧ ಮಾಡಿಕೊಂಡಿತು" ಎಂದು ಜಗತ್ತೆಲ್ಲ ಹಂಚಿಕೊಂಡಿತ್ತು. ಅಲ್ಲಿನ ಮೇಯರ್ ಕಚೇರಿಯೇ ಕೊಟ್ಟ ವಿವರಣೆ ಬೇರೆ: ದೋಣಿ ಓಡಾಟ ನಿಂತಿದ್ದರಿಂದ ತಳದ ಹೂಳು ಕದಡಲಿಲ್ಲ, ಅಷ್ಟೆ. ನೀರಿನ ಗುಣಮಟ್ಟ ಸುಧಾರಿಸಿತು ಎನ್ನುವುದಕ್ಕೆ ಅದು ಪುರಾವೆ ಅಲ್ಲ. ಜೊತೆಗೆ ಓಡಾಡಿದ ಡಾಲ್ಫಿನ್ ವಿಡಿಯೊ ವೆನಿಸ್‌ನದ್ದೇ ಅಲ್ಲ, ಸಾರ್ಡಿನಿಯಾದ ಬಂದರಿನದ್ದು.

ಇನ್ನೂ ಒಂದು ತಿರುವು ಇದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ದೊಡ್ಡ ಅಳಿವೆ. 19ನೇ ಶತಮಾನದಲ್ಲಿ ಚಿನ್ನಕ್ಕಾಗಿ ಗುಡ್ಡಗಳನ್ನು ನೀರಿನಿಂದ ಕೊರೆದಾಗ ಅಪಾರ ಮಣ್ಣು ಅಲ್ಲಿಗೆ ಬಂತು. ಆ ಮಣ್ಣು ಖಾಲಿಯಾಗುತ್ತಾ, ಮೇಲೆ ಅಣೆಕಟ್ಟುಗಳೂ ಹೂಳು ಹಿಡಿದಿಟ್ಟು, 1990ರ ದಶಕದ ಕೊನೆಯಿಂದ ಕೊಲ್ಲಿಯ ನೀರು ಮೊದಲಿಗಿಂತ ತಿಳಿಯಾಯಿತು. ವಿಜ್ಞಾನಿಗಳು ಖುಷಿಪಡಲಿಲ್ಲ, ಚಿಂತೆ ಮಾಡಿದರು. ಕಾರಣ, ನಗರಗಳಿಂದ ಬರುವ ಸಾರಜನಕ, ರಂಜಕ ಅಲ್ಲಿ ಮೊದಲೇ ಧಾರಾಳವಾಗಿತ್ತು. ರಾಡಿ ನೀರಿನಲ್ಲಿ ಬೆಳಕು ಸಿಗದೆ ಪಾಚಿ ಅಂಕೆಯಲ್ಲಿತ್ತು. ಬೆಳಕು ಒಳಗೆ ಹೋದರೆ ಪಾಚಿ ವಿಪರೀತ ಬೆಳೆಯಬಹುದು, ಅದು ಸತ್ತು ಕೊಳೆಯುವಾಗ ಆಮ್ಲಜನಕ ಖಾಲಿಯಾಗಬಹುದು. ಡೆಲ್ಟಾ ಸ್ಮೆಲ್ಟ್ ಎನ್ನುವ ಅಲ್ಲಿನ ಸಣ್ಣ ಮೀನಿಗೂ ರಾಡಿ ನೀರೇ ಬೇಕು. ನಮ್ಮ ಅಳಿವೆಗಳಲ್ಲೂ ಸಿಗಡಿ ಮರಿಗಳಿಗೆ, ಮೀನಿನ ಮರಿಗಳಿಗೆ ಸ್ವಲ್ಪ ಮಂಕಾದ ನೀರು ಅಡಗುವ ಜಾಗ.

ಹಾಗೆಂದು ಕೆಂಪು ನೀರು ಒಳ್ಳೆಯದು ಎಂದು ಇನ್ನೊಂದು ಫಾರ್ವರ್ಡ್ ಮಾಡಬೇಡಿ. ಮಣ್ಣು ವಿಷವಲ್ಲ, ಆದರೆ ಮಣ್ಣಿನ ಕಣಗಳಿಗೆ ಕೀಟನಾಶಕ, ಭಾರಲೋಹ, ರೋಗಾಣು ಅಂಟಿಕೊಂಡು ಬರಬಹುದು. ಮೊದಲ ದೊಡ್ಡ ಮಳೆ ಚರಂಡಿಗಳನ್ನೂ ತೊಳೆದು ತರುತ್ತದೆ. ನೆರೆ ನೀರಿನಲ್ಲಿ ಓಡಾಡಿದವರಿಗೆ ಇಲಿಜ್ವರದ ಅಪಾಯ ನಿಜ. ಗುಡ್ಡ ಕಡಿದಲ್ಲಿ, ಗಣಿಗಾರಿಕೆ ನಡೆದಲ್ಲಿ ವಿಪರೀತ ಹೂಳು ಬಂದರೆ ಮರುವಾಯಿ, ಬಳಚಿನಂಥ ಚಿಪ್ಪುಜೀವಿಗಳು ಅದರಡಿ ಉಸಿರುಗಟ್ಟುತ್ತವೆ. 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಈ ಚಿಪ್ಪು ಆಯ್ದೇ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಇನ್ನೊಂದು ವಿಷಯ: ಚಿಪ್ಪುಜೀವಿಗಳು ನೀರನ್ನು ಸೋಸಿ ತಿನ್ನುತ್ತವೆ. ಅವುಗಳಿಂದ ನೀರು ತಿಳಿಯಾಗುತ್ತದೆ, ನೀರಿನಲ್ಲಿದ್ದ ರೋಗಾಣು ಅವುಗಳ ಒಳಗೆ ಸೇರುತ್ತದೆ. ಹಾಗಾಗಿ ಎಂಥ ತಿಳಿನೀರಿನಿಂದ ತಂದರೂ ಮರುವಾಯಿಯನ್ನು ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ಅಳೆಯುವುದು ಹೇಗೆ?

1865ರಲ್ಲಿ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಪೋಪರ ಹಡಗಿನಿಂದ ಬಿಳಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಸಮುದ್ರಕ್ಕೆ ಇಳಿಸಿದ. ಎಷ್ಟು ಆಳಕ್ಕೆ ತಟ್ಟೆ ಕಣ್ಮರೆಯಾಗುತ್ತದೋ ಅದೇ ನೀರಿನ ತಿಳಿತನದ ಅಳತೆ. ಸೆಕ್ಕಿ ತಟ್ಟೆ ಇಂದಿಗೂ ಬಳಕೆಯಲ್ಲಿದೆ. ಬೆಳಕು ಎಷ್ಟು ಚದುರುತ್ತದೆ ಎಂದು ಅಳೆಯುವ ಉಪಕರಣದ ಲೆಕ್ಕ ಎನ್‌ಟಿಯು ಎಂಬ ಮಾನದಲ್ಲಿ ಬರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ 1 ಎನ್‌ಟಿಯು, ಬೇರೆ ಮೂಲ ಇಲ್ಲದಿದ್ದರೆ 5ರವರೆಗೆ. ಇಸ್ರೊ 2022ರ ನವೆಂಬರ್ 26ರಂದು ಹಾರಿಸಿದ ಓಷನ್‌ಸ್ಯಾಟ್-3 ಉಪಗ್ರಹ ಆಕಾಶದಿಂದಲೇ ಕಡಲಿನ ಬಣ್ಣ ನೋಡುತ್ತದೆ. ಆದರೆ ಕರಾವಳಿಗೆ ಹತ್ತಿರ ಬಂದಂತೆ ಉಪಗ್ರಹಕ್ಕೂ ಗೊಂದಲ ಹೆಚ್ಚು. ಕರಗಿದ ಹಳದಿ ವಸ್ತುವೂ ಪಾಚಿಯ ಹಸಿರೂ ಎರಡೂ ನೀಲಿ ಬೆಳಕನ್ನು ನುಂಗುತ್ತವಲ್ಲ. ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕೇ ಹೀಗಾದರೆ ಸೇತುವೆ ಮೇಲಿನ ಮೊಬೈಲ್ ಕ್ಯಾಮೆರಾ ಏನು ಹೇಳೀತು?

ನಿಜವಾಗಿ ಅನುಮಾನ ಪಡಬೇಕಾದದ್ದು ಯಾವಾಗ?

ಮಳೆಯೇ ಇಲ್ಲದ ದಿನ ಬಣ್ಣ ದಿಢೀರ್ ಬದಲಾದರೆ. ಬಣ್ಣ ಇಡೀ ಹೊಳೆಯದ್ದಾಗಿರದೆ ಒಂದು ಕೊಳವೆ ಅಥವಾ ತೋಡಿನ ಬಾಯಿಂದ ಶುರುವಾಗಿದ್ದರೆ. ಕೊಳೆತ ಮೊಟ್ಟೆಯ ಅಥವಾ ರಾಸಾಯನಿಕದ ವಾಸನೆ ಇದ್ದರೆ. ಮೀನು ಸತ್ತು ತೇಲುತ್ತಿದ್ದರೆ, ಅಥವಾ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ. ಆಗ ವಿಡಿಯೊ ಮಾಡಿ, ಜೊತೆಗೆ ಜಾಗ, ದಿನಾಂಕ, ಹೊತ್ತು, ಹಿಂದಿನ ದಿನ ಮಳೆ ಬಂದಿತ್ತೇ ಎನ್ನುವುದನ್ನು ಬರೆದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೂ ಸ್ಥಳೀಯ ಪಂಚಾಯತಿಗೂ ಕಳಿಸಿ. "ಎಲ್ಲರಿಗೂ ತಿಳಿಸಿ" ಎಂದು ಬರೆದ, ಊರಿನ ಹೆಸರೂ ಇಲ್ಲದ ವಿಡಿಯೊದಿಂದ ಯಾರೂ ನೀರಿನ ಮಾದರಿ ತೆಗೆಯಲು ಬರುವುದಿಲ್ಲ.

ನೀರಿನ ಮೇಲೆ ಕಾಮನಬಿಲ್ಲಿನ ಹೊಳಪು ಕಂಡರೆ ಒಂದು ಕೋಲು ತಗೊಂಡು ಕದಡಿ ನೋಡಿ. ಗಾಜಿನ ಚೂರಿನಂತೆ ಒಡೆದು ಹಾಗೇ ಉಳಿದರೆ ಅದು ಬಹುತೇಕ ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಪೊರೆ, ಮುರಕಲ್ಲಿನ ನಾಡಿನಲ್ಲಿ ಸಾಮಾನ್ಯ. ಸುಳಿ ಸುಳಿಯಾಗಿ ಮತ್ತೆ ಕೂಡಿಕೊಂಡರೆ ಅದು ಎಣ್ಣೆ, ಎಲ್ಲಿಂದ ಬಂತು ಎಂದು ಹುಡುಕಬೇಕು.